ದಾರಿಬದಿಯ ಊಟದ ಮನೆಗಳು: ಕಡಂದಲೆಯ ಮಾಣಿಯಿಂದ ಕಿತ್ತಳೆ ಬಣ್ಣದ ಛಾವಣಿಯವರೆಗೆ

ಮಂಗಳೂರಿನಿಂದ ಘಟ್ಟ ಹತ್ತಿ ಬೆಂಗಳೂರಿಗೆ ಹೋಗುವ ಬಸ್ಸು ದಾರಿಯಲ್ಲೊಂದು ಹೋಟೆಲಿನ ಮುಂದೆ ನಿಲ್ಲುತ್ತದೆ. "ಹತ್ತು ನಿಮಿಷ ಟೈಮ್ ಉಂಟು" ಎಂದು ಕಂಡಕ್ಟರ್ ಕೂಗುತ್ತಾನೆ. ಪ್ರಯಾಣಿಕರು ಇಳಿದು ಚಹಾ ಕುಡಿದು, ಕೈ ತೊಳೆದು, ಮತ್ತೆ ಬಸ್ಸು ಹತ್ತುತ್ತಾರೆ. ಆ ಹೋಟೆಲನ್ನು ಯಾರು ಕಟ್ಟಿದರು, ಎಷ್ಟು ವರ್ಷ ನಡೆಯಿತು, ಮುಂದಿನ ವರ್ಷ ಅದು ಅಲ್ಲಿಯೇ ಇರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಕೋಟೆಗಳಿಗೆ, ಯುದ್ಧಗಳಿಗೆ, ಒಪ್ಪಂದಗಳಿಗೆ ಅಧ್ಯಾಯಗಳಿವೆ. ಹೋಟೆಲಿಗೆ ಒಂದು ಪ್ಯಾರಾ ಕೂಡ ಇಲ್ಲ. ಆದರೆ ದಕ್ಷಿಣ ಕನ್ನಡ ಜಿಲ್ಲೆಯವರಾದ ನಾವು ಈ ವಿಷಯವನ್ನು ಅಷ್ಟು ಹಗುರವಾಗಿ ಬಿಡುವಂತಿಲ್ಲ. ಬ್ಯಾಂಕು ಮತ್ತು ಹೋಟೆಲು, ಇವೆರಡೂ ಈ ಜಿಲ್ಲೆಯವರು ದೇಶಕ್ಕೆ ಕಟ್ಟಿಕೊಟ್ಟ ಉದ್ಯಮಗಳು. ಬ್ಯಾಂಕಿನ ಚರಿತ್ರೆಯನ್ನು ಬ್ಯಾಂಕುಗಳೇ ಬರೆಸಿದವು. ಹೋಟೆಲಿನ ಚರಿತ್ರೆ ಮಾತ್ರ ಅಲ್ಲಲ್ಲಿ ಚದುರಿಹೋಗಿದೆ.

ಮೂಡುಬಿದಿರೆ ಸಮೀಪ ಕಡಂದಲೆ ಎಂಬ ಹಳ್ಳಿ ಇದೆ. ಅಲ್ಲಿನ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಕೃಷ್ಣ ರಾವ್ ಎಂಬವರು ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಹೊಟ್ಟೆಪಾಡಿಗಾಗಿ ಮದರಾಸಿಗೆ ಹೋದರು. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಸರಕಾರಿ ಕೆಲಸವಿರಲಿ, ಕೋರ್ಟಿನ ಕೆಲಸವಿರಲಿ, ಕೊನೆಗೆ ಹೋಗಬೇಕಾದ್ದು ಮದರಾಸಿಗೇ. ಕೆಲಸ ಹುಡುಕುವವರೂ ಅದೇ ದಾರಿ ಹಿಡಿದರು. ಕೃಷ್ಣ ರಾಯರು ಅಲ್ಲಿನ ತಂಬು ಚೆಟ್ಟಿ ಬೀದಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ರುಬ್ಬುವ, ತೊಳೆಯುವ ಕೆಲಸಕ್ಕೆ ಸೇರಿದರು. ಕೆಲವೇ ವರ್ಷಗಳಲ್ಲಿ ಆಚಾರಪ್ಪನ್ ಬೀದಿಯಲ್ಲಿದ್ದ ಸಣ್ಣ ಹೋಟೆಲೊಂದನ್ನು ತಾವೇ ವಹಿಸಿಕೊಂಡರು. ಅಲ್ಲಿಂದ ಮೌಂಟ್ ರೋಡಿಗೆ ಬಂದು 'ಉಡುಪಿ ಶ್ರೀಕೃಷ್ಣ ವಿಲಾಸ' ತೆರೆದರು. 1938ರಲ್ಲಿ ರಾಯಪೇಟೆಯಲ್ಲಿ ಜಮೀನ್ದಾರರೊಬ್ಬರ ದೊಡ್ಡ ಬಂಗಲೆಯನ್ನು ಬಾಡಿಗೆಗೆ ಹಿಡಿದು ವಸತಿಯ ಹೋಟೆಲನ್ನೂ ಆರಂಭಿಸಿದರು. ಆ ಬಂಗಲೆಯ ಹೆಸರು ವುಡ್‌ಲ್ಯಾಂಡ್ಸ್. ಹೆಸರು ಬದಲಾಯಿಸುವ ಗೋಜಿಗೆ ಅವರು ಹೋಗಲಿಲ್ಲ. ಕಡಂದಲೆಯ ಅಡುಗೆಗೆ ಇಂಗ್ಲಿಷ್ ಹೆಸರು ಅಂಟಿಕೊಂಡದ್ದು ಹೀಗೆ. ಇಂದು ಲಂಡನ್ನಿನಲ್ಲಿ, ಅಮೆರಿಕದಲ್ಲಿ ಆ ಹೆಸರಿನ ಫಲಕ ಕಂಡವರು ಅದರ ಮೂಲ ಒಂದು ಬಾಡಿಗೆ ಮನೆಯ ಗೇಟು ಎಂದು ಊಹಿಸಲಾರರು.

ಇದೇ ಕಾಲದಲ್ಲಿ ಇನ್ನೊಬ್ಬರು ಬೆಳೆದರು. ಕುತ್ತೆತ್ತೂರಿನ ಸೀತಾರಾಮ ರಾವ್ ಮೈಸೂರಿನಲ್ಲಿ 1921ರಲ್ಲಿ ಆರಂಭಿಸಿದ 'ದಾಸಪ್ರಕಾಶ'ದ ಮದರಾಸಿನ ದೊಡ್ಡ ಹೋಟೆಲು 1954ರಲ್ಲಿ ಪೂನಮಲ್ಲಿ ಹೈರೋಡಿನಲ್ಲಿ ತೆರೆಯಿತು. ಕುತ್ತೆತ್ತೂರು ಎಂದರೆ ಇಂದು ನಮಗೆ ನೆನಪಾಗುವುದು ಎಂ.ಆರ್.ಪಿ.ಎಲ್. ತೈಲಾಗಾರ. ದಾರಿಬದಿಯ ಹೋಟೆಲಿನ ಕತೆ ಹೇಳುವಾಗ ಪೆಟ್ರೋಲಿನ ಮಾತು ಮುಂದೆ ಬರಲಿದೆ, ಆಗ ಇದು ನೆನಪಿರಲಿ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್, ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಇವೆಲ್ಲ ಒಂದೇ ಅಲೆಯಲ್ಲಿ ಹುಟ್ಟಿದವು. ಯಜಮಾನರಾದವರು ಕೆಲವರು, ಅವರ ಹಿಂದೆ ಬಂಡವಾಳವಿಲ್ಲದೆ, ಓದಿಲ್ಲದೆ, ಹನ್ನೆರಡು ಹದಿಮೂರನೆಯ ವಯಸ್ಸಿಗೆ ಮುಂಬಯಿ ಬಸ್ಸನ್ನೋ ಹಡಗನ್ನೋ ಹತ್ತಿದ ಸಾವಿರಾರು ಹುಡುಗರಿದ್ದರು. ಬೆಳಿಗ್ಗೆ ಮೇಜು ಒರೆಸಿ, ಮಧ್ಯಾಹ್ನ ಬಾಳೆಲೆ ಎತ್ತಿ, ರಾತ್ರಿ ಅದೇ ಮೇಜಿನ ಮೇಲೆ ಮಲಗಿದವರು ಅವರು. ಅವರಲ್ಲಿ ಅನೇಕರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೆಟ್ರಿಕ್ ಪಾಸು ಮಾಡಿದರು, ವಕೀಲರಾದರು, ಅಧ್ಯಾಪಕರಾದರು. ಮೊಗವೀರರು, ಬಂಟರು, ಬಿಲ್ಲವರು ಸೇರಿದಂತೆ ಹಲವು ಸಮಾಜದವರು ಆ ಶಾಲೆಗಳನ್ನು ನಡೆಸಿದ್ದರು. ಒಂದು ಶಿಕ್ಷಣ ಸಂಸ್ಥೆಯ ವಾರ್ಷಿಕ ಸಂಚಿಕೆಯಲ್ಲಿ ಹೋಟೆಲಿನ ಬಗ್ಗೆ ಬರೆಯಲು ಇದೊಂದೇ ಕಾರಣ ಸಾಕು. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ಕಾನೂನಿನ ಪ್ರಕಾರ ನಿಷಿದ್ಧವಾದದ್ದು 2006ರ ಅಕ್ಟೋಬರ್ 10ರಿಂದ. ಅದಕ್ಕೆ ಮೊದಲಿನ ಎಂಬತ್ತು ವರ್ಷ ಈ ಉದ್ಯಮ ನಿಂತದ್ದು ಆ ಹುಡುಗರ ಬೆನ್ನಿನ ಮೇಲೆ.

ಹೋಟೆಲಿನ ಚರಿತ್ರೆ ಬರೆಯುವವರು ರುಚಿ, ಶುಚಿಗಳ ಬಗ್ಗೆ ಧಾರಾಳವಾಗಿ ಬರೆಯುತ್ತಾರೆ. ಒಳಗೆ ಕುಳಿತುಕೊಳ್ಳಲು ಯಾರಿಗೆ ಅವಕಾಶವಿತ್ತು ಎಂಬ ಪ್ರಶ್ನೆಯನ್ನು ಮಾತ್ರ ಹೆಚ್ಚಿನವರು ಬದಿಗಿಡುತ್ತಾರೆ. ನೂರು ವರ್ಷಗಳ ಹಿಂದೆ ಮನೆಯ ಹೊರಗೆ ಊಟ ಮಾಡುವುದೇ ಹೆಚ್ಚಿನವರಿಗೆ ಮುಜುಗರದ ಸಂಗತಿ. ಅಡುಗೆ ಯಾರು ಮಾಡಿದರು, ಪಕ್ಕದಲ್ಲಿ ಯಾರು ಕುಳಿತರು ಎಂಬ ಲೆಕ್ಕಾಚಾರ ಎಲ್ಲ ಕಡೆ ಇತ್ತು. ರೈಲು ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಎಂದು ಬೇರೆ ಬೇರೆ ಕೂಗುತ್ತಿದ್ದ ಕಾಲ ಅದು. ಊಟದ ಕೋಣೆಗಳೂ ಬೇರೆ. 'ಬ್ರಾಹ್ಮಣರ ಹೋಟೆಲು' ಎಂಬ ಫಲಕ ಸಾಮಾನ್ಯವಾಗಿತ್ತು; ಕೆಲವು ಕಡೆ ಅದರ ಅರ್ಥ ಅಡುಗೆಯವರು ಬ್ರಾಹ್ಮಣರು ಎಂದಷ್ಟೇ, ಇನ್ನು ಕೆಲವು ಕಡೆ ಒಳಗಿನ ಪಂಕ್ತಿಯೂ ಬೇರೆಯೇ. ಮದರಾಸು ಪ್ರಾಂತ್ಯದ ರೈಲ್ವೆ ಊಟದ ಕೋಣೆಗಳಲ್ಲಿ ಬ್ರಾಹ್ಮಣರಿಗೆ ಇದ್ದ ಪ್ರತ್ಯೇಕ ವ್ಯವಸ್ಥೆ ಪೆರಿಯಾರ್ ಅವರ ಚಳವಳಿಯ ಬಳಿಕ 1941ರಲ್ಲಿ ನಿಂತಿತು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾದ ಮೇಲೂ, 1957ರಲ್ಲಿ, ತಿರುವಲ್ಲಿಕೇಣಿಯ ಮುರಳಿ ಕೆಫೆಯ ಫಲಕದಲ್ಲಿದ್ದ 'ಬ್ರಾಹ್ಮಣ' ಎಂಬ ಪದವನ್ನು ತೆಗೆಯಬೇಕೆಂದು ಅವರ ಅನುಯಾಯಿಗಳು ತಿಂಗಳುಗಟ್ಟಲೆ ಧರಣಿ ನಡೆಸಿ ಜೈಲಿಗೆ ಹೋದರು.

ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಉಪವಿಧಿಯನ್ನು ವಿದ್ಯಾರ್ಥಿಗಳು ಒಮ್ಮೆ ತೆರೆದು ನೋಡಬೇಕು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕೆ ಯಾವ ಪ್ರಜೆಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಹೇಳುವಾಗ ಅದು ಅಂಗಡಿಗಳನ್ನು, ಸಾರ್ವಜನಿಕ ಉಪಾಹಾರ ಗೃಹಗಳನ್ನು, ಹೋಟೆಲುಗಳನ್ನು ಹೆಸರಿಸಿ ಹೇಳುತ್ತದೆ. ಇಡೀ ದೇಶದ ಮೂಲ ಕಾನೂನಿನಲ್ಲಿ ಹೋಟೆಲಿಗೆ ಜಾಗ ಸಿಕ್ಕಿದೆ. ಬರೆದವರಿಗೆ ಅದು ಸಣ್ಣ ವಿಷಯವೆಂದು ಕಾಣಲಿಲ್ಲ.

ಆದರೆ ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಆ ಗೋಡೆಯನ್ನು ಕರಗಿಸಿದ್ದರಲ್ಲಿ ಹೋಟೆಲಿನ ಪಾಲೂ ದೊಡ್ಡದು. ಗಲ್ಲಾದ ಮುಂದೆ ಬಂದು ಹಣ ಕೊಟ್ಟವನ ಕುಲಗೋತ್ರ ವಿಚಾರಿಸಲು ನಗರದಲ್ಲಿ ಪುರಸೊತ್ತು ಇರಲಿಲ್ಲ. ಮಧ್ಯಾಹ್ನದ ಗದ್ದಲದಲ್ಲಿ ಖಾಲಿಯಾದ ಕುರ್ಚಿಯಲ್ಲಿ ಯಾರು ಮೊದಲು ಕುಳಿತರೋ ಅವರದ್ದೇ ಜಾಗ. ಭಾಷಣಗಳಿಂದ ಆಗದ ಕೆಲಸವನ್ನು ಮಸಾಲೆ ದೋಸೆ ಸದ್ದಿಲ್ಲದೆ ಮಾಡಿತು ಎಂದರೆ ಉತ್ಪ್ರೇಕ್ಷೆಯಲ್ಲ. ಮಲೆನಾಡಿನ ಪೇಟೆಗಳಲ್ಲಿ, ಕೊಡಗಿನಲ್ಲಿ, ನಮ್ಮ ಬಂದರಿನಲ್ಲಿ ಬ್ಯಾರಿಗಳು ನಡೆಸಿಕೊಂಡು ಬಂದ ಸಣ್ಣ ಹೋಟೆಲುಗಳದ್ದೂ ಇದೇ ಕತೆ. ಲಾರಿ ಚಾಲಕನಿಗೆ, ತೋಟದ ಆಳಿಗೆ, ಬಂದರಿನ ಕೂಲಿಗೆ ಅಲ್ಲಿ ಒಂದೇ ಬೆಂಚು. ಈ ಹೋಟೆಲುಗಳ ಬಗ್ಗೆ ಬರೆದಿಟ್ಟದ್ದು ತೀರ ಕಡಿಮೆ. ಘಟ್ಟದ ಮೇಲೆ ಹೋಟೆಲು ನಡೆಸಿದ ಅಜ್ಜಂದಿರು ಯಾರ ಮನೆಯಲ್ಲಾದರೂ ಇದ್ದರೆ, ಆ ಮನೆಯ ವಿದ್ಯಾರ್ಥಿ ಒಂದು ಭಾನುವಾರ ಅವರ ಮುಂದೆ ನೋಟ್‌ಬುಕ್ ಹಿಡಿದು ಕೂರಲಿ.

ಮತ್ತೆ ಕೃಷ್ಣ ರಾಯರ ಕತೆಗೆ ಬರೋಣ. 1952ರಲ್ಲಿ ಅವರು ಎಡ್ವರ್ಡ್ ಎಲಿಯಟ್ಸ್ ರೋಡಿನಲ್ಲಿ 'ನ್ಯೂ ವುಡ್‌ಲ್ಯಾಂಡ್ಸ್' ಕಟ್ಟಿದರು. ಆ ರಸ್ತೆಗೆ ಈಗ ರಾಧಾಕೃಷ್ಣನ್ ಸಾಲೈ ಎಂದು ಹೆಸರು. ಹತ್ತು ವರ್ಷಗಳ ಬಳಿಕ, 1962ರಲ್ಲಿ, ಕೆಥೆಡ್ರಲ್ ರೋಡಿನಲ್ಲಿ ಕೃಷಿ-ತೋಟಗಾರಿಕಾ ಸೊಸೈಟಿಯ ವಶದಲ್ಲಿದ್ದ ಮರಗಳ ತೋಪಿನಲ್ಲಿ 'ವುಡ್‌ಲ್ಯಾಂಡ್ಸ್ ಡ್ರೈವ್-ಇನ್' ಆರಂಭವಾಯಿತು. ಕಾರಿನಲ್ಲಿ ಬಂದವರು ಇಳಿಯಬೇಕಾಗಿಲ್ಲ. ಕಿಟಕಿಗೆ ತಟ್ಟೆ ಸಿಕ್ಕಿಸಿ, ಇಡ್ಲಿ ವಡೆ ಕಾಫಿಯನ್ನು ಅಲ್ಲಿಗೇ ತಂದುಕೊಡುತ್ತಿದ್ದರು. ಆಗ ಮದರಾಸಿನಲ್ಲಿ ಕಾರಿದ್ದವರೆಷ್ಟು ಮಂದಿ? ಆದರೂ ಡ್ರೈವ್-ಇನ್ ತುಂಬಿರುತ್ತಿತ್ತು. ಅಂಬಾಸಡರ್ ಇದ್ದವರು ಕುಟುಂಬ ಸಮೇತ ಬಂದರು. ಇಲ್ಲದವರು ಸೈಕಲಿನಲ್ಲಿ, ನಡೆದುಕೊಂಡು ಬಂದು ಒಳಗಿನ ಮೇಜುಗಳಲ್ಲಿ ಕುಳಿತರು. ಕಾಲೇಜು ವಿದ್ಯಾರ್ಥಿಗಳು, ಪತ್ರಕರ್ತರು, ಔಷಧ ಕಂಪೆನಿಗಳ ಪ್ರತಿನಿಧಿಗಳು, ಸಿನಿಮಾದವರು ಗಂಟೆಗಟ್ಟಲೆ ಹರಟೆ ಹೊಡೆದರೂ ಎದ್ದು ಹೋಗಿ ಎನ್ನುವವರಿರಲಿಲ್ಲ. ಗೃಹಿಣಿಯರೂ ಮಕ್ಕಳೂ ಸಂಕೋಚವಿಲ್ಲದೆ ಬಂದು ಕೂರಬಹುದಾದ ಸಾರ್ವಜನಿಕ ಜಾಗಗಳು ಅಂದಿನ ಊರುಗಳಲ್ಲಿ ಎಷ್ಟಿದ್ದವು ಎಂದು ಯೋಚಿಸಿದರೆ ಇದರ ಬೆಲೆ ತಿಳಿಯುತ್ತದೆ.

ಡ್ರೈವ್-ಇನ್ ಎಂಬುದು ನಮ್ಮ ಕಲ್ಪನೆಯಲ್ಲ. ಅಮೆರಿಕದಲ್ಲಿ ಅದು 1920ರ ದಶಕದಲ್ಲೇ ಹುಟ್ಟಿತ್ತು. ಕಾರು, ರಸ್ತೆ, ಹೋಟೆಲು ಈ ಮೂರೂ ಒಟ್ಟಿಗೆ ಬೆಳೆದ ದೇಶ ಅದು. ದಾರಿಬದಿಯ ಕುಟುಂಬ ಹೋಟೆಲುಗಳ ಸರಪಣಿ ಎಂದರೇನು, ಅದು ಹೇಗೆ ಏರುತ್ತದೆ, ಹೇಗೆ ಬೀಳುತ್ತದೆ ಎಂದು ತಿಳಿಯಲು ಅಲ್ಲಿನ ಒಂದು ಹೆಸರನ್ನು ನೋಡಿದರೆ ಸಾಕು: ಹೋವರ್ಡ್ ಜಾನ್ಸನ್ಸ್.

ಹೋವರ್ಡ್ ಡೀರಿಂಗ್ ಜಾನ್ಸನ್ ಮ್ಯಾಸಚೂಸೆಟ್ಸ್ ರಾಜ್ಯದ ಕ್ವಿನ್ಸಿಯವರು. ತಂದೆಯ ಸಿಗಾರ್ ವ್ಯಾಪಾರ ಮಗನಿಗೆ ಬಿಟ್ಟುಹೋದದ್ದು ಸಾಲವನ್ನು. 1925ರಲ್ಲಿ ಅವರು ವೋಲಾಸ್ಟನ್ ಎಂಬಲ್ಲಿ ಒಂದು ಸಣ್ಣ ಔಷಧದಂಗಡಿಯನ್ನು ಕೊಂಡರು. ಅಂಗಡಿಯಲ್ಲಿ ಔಷಧಕ್ಕಿಂತ ಸೋಡಾ ಮತ್ತು ಐಸ್‌ಕ್ರೀಂ ಮಾರುವ ಕಟ್ಟೆಯೇ ಚೆನ್ನಾಗಿ ನಡೆಯುವುದನ್ನು ಗಮನಿಸಿ ಐಸ್‌ಕ್ರೀಮಿನಲ್ಲಿ ಬೆಣ್ಣೆಯ ಅಂಶ ಹೆಚ್ಚಿಸಿದರು. ಕ್ರಮೇಣ 28 ಬಗೆಯ ಐಸ್‌ಕ್ರೀಂ ಅವರ ಗುರುತಾಯಿತು. 1975ರಿಂದ 'ಐಡಿಯಲ್' ಐಸ್‌ಕ್ರೀಂ ತಿಂದು ಬೆಳೆದ ಮಂಗಳೂರಿನವರಿಗೆ ಇದರ ಗುಟ್ಟನ್ನು ವಿವರಿಸಬೇಕಾಗಿಲ್ಲ.

1929ರಲ್ಲಿ ಕ್ವಿನ್ಸಿಯಲ್ಲಿ ಅವರ ಮೊದಲ ಪೂರ್ಣ ಪ್ರಮಾಣದ ಹೋಟೆಲು ತೆರೆಯಿತು. ಅದೃಷ್ಟ ಬಂದದ್ದು ವಿಚಿತ್ರ ದಾರಿಯಲ್ಲಿ. ನೆರೆಯ ಬೋಸ್ಟನ್ ನಗರದ ಮೇಯರ್ ನಾಟಕಕಾರ ಯೂಜೀನ್ ಓನೀಲ್ ಅವರ ಒಂದು ನಾಟಕವನ್ನು ನಿಷೇಧಿಸಿದರು. ನಾಟಕ ಮಂಡಳಿ ಕ್ವಿನ್ಸಿಗೆ ಬಂದು ಪ್ರದರ್ಶನ ನೀಡಿತು. ನಾಟಕ ಐದು ಗಂಟೆಯಷ್ಟು ಉದ್ದ. ನಡುವೆ ರಾತ್ರಿ ಊಟದ ವಿರಾಮ. ಬೋಸ್ಟನ್ನಿನಿಂದ ಬಂದ ಸಿರಿವಂತ ಪ್ರೇಕ್ಷಕರು ಹತ್ತಿರದ ಜಾನ್ಸನ್ ಹೋಟೆಲಿಗೆ ನುಗ್ಗಿದರು. ಹೀಗೆ ಸರಕಾರದ ನಿಷೇಧವೊಂದು ಒಂದು ಹೋಟೆಲಿಗೆ ಹೆಸರು ತಂದುಕೊಟ್ಟಿತು.

ಆದರೆ ಅದೇ ವರ್ಷ ಅಮೆರಿಕದ ಷೇರುಪೇಟೆ ಕುಸಿಯಿತು. ಎರಡನೆಯ ಹೋಟೆಲು ಕಟ್ಟಲು ಜಾನ್ಸನ್ ಅವರಲ್ಲಿ ಹಣವಿಲ್ಲ, ಸಾಲ ಕೊಡುವವರೂ ಇಲ್ಲ. ಆಗ ಅವರು ಹೂಡಿದ ಉಪಾಯವೇ ಮುಂದೆ ಜಗತ್ತಿನ ಹೋಟೆಲು ವ್ಯಾಪಾರವನ್ನು ಬದಲಿಸಿದ ಉಪಾಯಗಳಲ್ಲೊಂದು. 1935ರಲ್ಲಿ ಕೇಪ್ ಕಾಡ್‌ನ ಆರ್ಲಿಯನ್ಸ್ ಎಂಬಲ್ಲಿ ಪರಿಚಯದವರೊಬ್ಬರು ತಮ್ಮ ಹಣದಿಂದ ಹೋಟೆಲು ಕಟ್ಟಿದರು. ಹೆಸರು ಜಾನ್ಸನ್ ಅವರದು, ಸಾಮಗ್ರಿಯೂ ಅವರದೇ. ನಾವಿಂದು ಫ್ರಾಂಚೈಸಿ ಎನ್ನುವ ವ್ಯವಸ್ಥೆ ಇದು. ಅಡುಗೆಯ ಮುಖ್ಯ ಭಾಗವನ್ನು ಕೇಂದ್ರ ಅಡುಗೆಮನೆಗಳಲ್ಲಿ ತಯಾರಿಸಿ ಲಾರಿಗಳಲ್ಲಿ ಎಲ್ಲ ಹೋಟೆಲುಗಳಿಗೆ ಕಳುಹಿಸುತ್ತಿದ್ದರು. ಛಾವಣಿಗೆ ಕಿತ್ತಳೆ ಬಣ್ಣ. ವೇಗವಾಗಿ ಕಾರು ಓಡಿಸುವವನಿಗೂ ದೂರದಿಂದಲೇ ಕಾಣಬೇಕು. ಅಪರಿಚಿತ ಊರಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೊರಟ ತಂದೆತಾಯಿಗೆ ಆ ಬಣ್ಣ ಕಂಡರೆ ಸಮಾಧಾನ: ಶೌಚಾಲಯ ಶುಚಿಯಾಗಿರುತ್ತದೆ, ಊಟದ ರುಚಿ ಗೊತ್ತಿರುವಂಥದ್ದೇ, ಬೆಲೆಯೂ ಗೊತ್ತಿರುವಂಥದ್ದೇ. 1940ರಲ್ಲಿ ಪೆನ್ಸಿಲ್ವೇನಿಯಾದ ಹೊಸ ಸುಂಕದ ಹೆದ್ದಾರಿಯಲ್ಲಿ ಹೋಟೆಲು ನಡೆಸುವ ಗುತ್ತಿಗೆ ಅವರಿಗೇ ಸಿಕ್ಕಿತು.

ಮರುವರ್ಷ ಅಮೆರಿಕ ಯುದ್ಧಕ್ಕಿಳಿಯಿತು. ಪೆಟ್ರೋಲಿಗೆ ರೇಷನ್ ಬಂತು, ಕಾರುಗಳು ಮನೆಯಲ್ಲೇ ನಿಂತವು. ಸುಮಾರು ಇನ್ನೂರು ಇದ್ದ ಹೋಟೆಲುಗಳಲ್ಲಿ 1944ರ ಹೊತ್ತಿಗೆ ತೆರೆದಿದ್ದವು ಹನ್ನೆರಡು ಮಾತ್ರ. ಜಾನ್ಸನ್ ಸೈನಿಕರಿಗೆ ಮತ್ತು ಕಾರ್ಖಾನೆಗಳಿಗೆ ಊಟ ಒದಗಿಸಿ ಉಸಿರು ಹಿಡಿದುಕೊಂಡರು. ಯುದ್ಧ ಮುಗಿದ ಮೇಲೆ ಮತ್ತೆ ಎದ್ದರು. 1954ರಲ್ಲಿ ಜಾರ್ಜಿಯಾ ರಾಜ್ಯದ ಸವಾನಾದಲ್ಲಿ ವಸತಿಗೃಹವೂ ಆರಂಭವಾಯಿತು. 1970ರ ದಶಕದಲ್ಲಿ ಏರುಗತಿಯ ತುದಿ ಮುಟ್ಟಿದಾಗ ಹೋಟೆಲುಗಳು ಸಾವಿರಕ್ಕೂ ಹೆಚ್ಚು, ವಸತಿಗೃಹಗಳು ಐನೂರರಷ್ಟು.

ಕುಟುಂಬದ ಹೋಟೆಲು ಎಂದು ಜಾಹೀರಾತು ಮಾಡಿದ ಈ ಸರಪಣಿಯಲ್ಲಿ ಯಾರ ಕುಟುಂಬಕ್ಕೆ ಜಾಗವಿತ್ತು? 1957ರ ಅಕ್ಟೋಬರಿನಲ್ಲಿ ಆಫ್ರಿಕಾದ ಘಾನಾ ದೇಶದ ಹಣಕಾಸು ಸಚಿವ ಕೋಮ್ಲಾ ಗ್ಬೆಡೆಮಾ ಅಮೆರಿಕ ಪ್ರವಾಸದಲ್ಲಿದ್ದರು. ಡೆಲಾವೇರ್ ರಾಜ್ಯದ ಡೋವರಿನಲ್ಲಿ ಹೋವರ್ಡ್ ಜಾನ್ಸನ್ಸ್ ಹೋಟೆಲೊಂದಕ್ಕೆ ಹೋಗಿ ಕಿತ್ತಳೆ ಹಣ್ಣಿನ ರಸ ಕೇಳಿದರು. ಪಾರ್ಸೆಲ್ ಕೊಟ್ಟರು. ಕಪ್ಪು ಜನರು ಒಳಗೆ ಕುಳಿತು ಕುಡಿಯುವಂತಿಲ್ಲ ಎಂದರು. ಅದೇ ವರ್ಷ ಮಾರ್ಚಿನಲ್ಲಿ ಘಾನಾ ಸ್ವತಂತ್ರವಾದಾಗ ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ಅಲ್ಲಿಗೆ ಅತಿಥಿಯಾಗಿ ಹೋಗಿದ್ದರು. ಅವರು ನಮ್ಮ ಮನೆಯಲ್ಲಿ ಉಣ್ಣಬಹುದಾದರೆ ನಾನು ಇಲ್ಲಿನ ದಾರಿಬದಿಯ ಹೋಟೆಲಿನಲ್ಲಿ ಏಕೆ ಕುಳಿತುಕೊಳ್ಳಬಾರದು ಎಂಬುದು ಗ್ಬೆಡೆಮಾ ಅವರ ಪ್ರಶ್ನೆಯಾಗಿತ್ತು. ಪತ್ರಿಕೆಗಳಲ್ಲಿ ಸುದ್ದಿಯಾಗಿ, ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಶ್ವೇತಭವನಕ್ಕೆ ಬೆಳಗಿನ ಉಪಾಹಾರಕ್ಕೆ ಕರೆದು ಸಮಾಧಾನಪಡಿಸಬೇಕಾಯಿತು. ಸಚಿವರಿಗೆ ಶ್ವೇತಭವನದ ಉಪಾಹಾರ ಸಿಕ್ಕಿತು. ಆ ದೇಶದ ಸಾಮಾನ್ಯ ಕಪ್ಪು ಪ್ರಜೆಗೆ? ಕಪ್ಪು ಪ್ರಯಾಣಿಕರು ಎಲ್ಲಿ ಉಣ್ಣಬಹುದು, ಎಲ್ಲಿ ಮಲಗಬಹುದು ಎಂದು ತಿಳಿಸುವ 'ಗ್ರೀನ್ ಬುಕ್' ಎಂಬ ಕೈಪಿಡಿ ಆ ದೇಶದಲ್ಲಿ 1936ರಿಂದ ಮೂರು ದಶಕ ಪ್ರಕಟವಾಗುತ್ತಿತ್ತು. 1962ರಲ್ಲಿ ಉತ್ತರ ಕೆರೊಲಿನಾದ ಹೆದ್ದಾರಿಗಳಲ್ಲಿ ಇದೇ ಕಿತ್ತಳೆ ಛಾವಣಿಯ ಹೋಟೆಲುಗಳ ಮುಂದೆ ವಿದ್ಯಾರ್ಥಿಗಳು ಧರಣಿ ಕುಳಿತು ಬಂಧನಕ್ಕೊಳಗಾದರು. 1964ರ ನಾಗರಿಕ ಹಕ್ಕುಗಳ ಕಾಯಿದೆ ಬಂದ ಮೇಲೆಯೇ ಆ ಬಾಗಿಲು ಕಾನೂನಿನ ಪ್ರಕಾರ ತೆರೆದದ್ದು. ನಮ್ಮ ಸಂವಿಧಾನ ಅದೇ ಮಾತನ್ನು ಹದಿನಾಲ್ಕು ವರ್ಷ ಮೊದಲೇ ಬರೆದಿತ್ತು ಎಂದು ಹೆಮ್ಮೆ ಪಡಬಹುದು. ಬರೆದದ್ದೆಲ್ಲ ಅಂದೇ ಜಾರಿಯಾಗಲಿಲ್ಲ ಎಂಬುದನ್ನು ಮುರಳಿ ಕೆಫೆಯ ಪ್ರಕರಣ ನೆನಪಿಸುತ್ತದೆ.

ಇನ್ನು ಇಳಿಗಾಲ. 1959ರಲ್ಲಿ ಜಾನ್ಸನ್ ಆಡಳಿತವನ್ನು ಮಗನಿಗೆ ಒಪ್ಪಿಸಿದರು. 1961ರಲ್ಲಿ ಕಂಪೆನಿಯ ಷೇರುಗಳು ಮಾರುಕಟ್ಟೆಗೆ ಬಂದವು. ಷೇರುದಾರನಿಗೆ ಪ್ರತಿ ಮೂರು ತಿಂಗಳಿಗೊಮ್ಮೆ ಲಾಭ ಕಾಣಬೇಕು. ಲಾಭ ಹೆಚ್ಚಿಸುವ ಸುಲಭ ದಾರಿ ಎಂದರೆ ಖರ್ಚು ತಗ್ಗಿಸುವುದು. ಕೆಲಸದವರು ಕಡಿಮೆ, ಸಾಮಗ್ರಿ ಅಗ್ಗ. ಒಂದೆರಡು ವರ್ಷ ಗಿರಾಕಿಗೆ ಇದು ಗೊತ್ತಾಗುವುದಿಲ್ಲ. ಗೊತ್ತಾದ ಮೇಲೆ ಅವನು ದೂರು ಹೇಳುವುದಿಲ್ಲ, ಸುಮ್ಮನೆ ಮುಂದಿನ ಹೋಟೆಲಿಗೆ ಹೋಗುತ್ತಾನೆ. ಮುಂದಿನ ಹೋಟೆಲು ಎಂದರೆ ಆಗ ಮ್ಯಾಕ್‌ಡೊನಾಲ್ಡ್ಸ್. ಮೇಜಿಲ್ಲ, ಸಪ್ಲಾಯರ್ ಇಲ್ಲ, ಎರಡು ನಿಮಿಷದಲ್ಲಿ ಕೈಗೆ ಪೊಟ್ಟಣ. ಇದರ ನಡುವೆ ಅಮೆರಿಕದ ರಸ್ತೆಗಳೇ ಬದಲಾದವು. 1956ರ ಹೆದ್ದಾರಿ ಕಾಯಿದೆಯಡಿ ಕಟ್ಟಿದ ಹೊಸ ರಸ್ತೆಗಳು ಹಳೆಯ ಪೇಟೆಗಳನ್ನು ಬಿಟ್ಟು ಸಾಗಿದವು, ಹೆದ್ದಾರಿಯ ಅಂಚಿಗೆ ತಾಗಿಕೊಂಡು ಹೋಟೆಲು ಕಟ್ಟಲು ಅವಕಾಶವೇ ಇರಲಿಲ್ಲ. ಪಂಪ್‌ವೆಲ್ ಮೇಲ್ಸೇತುವೆಯನ್ನು 2020ರ ವರೆಗೆ ಹತ್ತು ವರ್ಷ ಕಾದ ಮಂಗಳೂರಿಗರಿಗೆ ಗೊತ್ತು: ರಸ್ತೆ ಮೇಲೆದ್ದರೆ ಕೆಳಗಿನ ಅಂಗಡಿಗೆ ಬರುವ ಗಿರಾಕಿಯೂ ಮೇಲೆಯೇ ಹೋಗುತ್ತಾನೆ. 1973ರಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದಾಗ ಅಮೆರಿಕದಲ್ಲಿ ಪೆಟ್ರೋಲಿಗಾಗಿ ಸರದಿ ಸಾಲು ಬೆಳೆಯಿತು. ದಾರಿಹೋಕರನ್ನೇ ನಂಬಿದ ಸರಪಣಿಗೆ ಯುದ್ಧಕಾಲದ ಪೆಟ್ಟು ಎರಡನೆಯ ಬಾರಿ ಬಿತ್ತು. ಈ ಬಾರಿ ಉಸಿರು ಹಿಡಿದುಕೊಂಡು ಕೂರಲು ಸ್ಥಾಪಕರಿರಲಿಲ್ಲ. ಅವರು 1972ರಲ್ಲಿ ತೀರಿಕೊಂಡಿದ್ದರು.

1980ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಗ್ರೂಪ್ ಸುಮಾರು 63 ಕೋಟಿ ಡಾಲರಿಗೆ ಕಂಪೆನಿಯನ್ನು ಕೊಂಡಿತು. ಅದು ತಂಬಾಕಿನ ಕಂಪೆನಿ. ಸಿಗಾರಿನ ಸಾಲದಿಂದ ಹುಟ್ಟಿದ ಹೋಟೆಲು ಸಿಗರೇಟಿನವರ ಕೈಗೆ ಹೋಯಿತು. ಐದು ವರ್ಷ ಕಳೆದು ಅವರು ಸುಮಾರು ಅರ್ಧ ಬೆಲೆಗೆ ಮ್ಯಾರಿಯಟ್ ಕಂಪೆನಿಗೆ ಮಾರಿದರು. ಮ್ಯಾರಿಯಟ್‌ಗೆ ಬೇಕಾಗಿದ್ದದ್ದು ಹೋಟೆಲು ನಿಂತಿದ್ದ ಜಾಗ. ಒಂದೊಂದಾಗಿ ಕಿತ್ತಳೆ ಛಾವಣಿಗಳು ಇಳಿದವು. 2016ರಲ್ಲಿ ಮೇಯ್ನ್ ರಾಜ್ಯದ ಬ್ಯಾಂಗರಿನಲ್ಲಿದ್ದದ್ದು ಮುಚ್ಚಿತು. ಕೊನೆಯದು ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜಿನಲ್ಲಿ. ಅದೂ 2022ರಲ್ಲಿ ಮುಚ್ಚಿತು. ವಸತಿಗೃಹಗಳ ಮೇಲೆ ಹೆಸರು ಈಗಲೂ ಇದೆ, ಊಟದ ಮನೆ ಇಲ್ಲ.

ಮದರಾಸಿನ ಡ್ರೈವ್-ಇನ್ ಮುಚ್ಚಿದ ಬಗೆ ಬೇರೆ. ಅಲ್ಲಿ ರುಚಿ ಕೆಟ್ಟಿರಲಿಲ್ಲ, ಗಿರಾಕಿಗಳೂ ಕಡಿಮೆಯಾಗಿರಲಿಲ್ಲ. ಆದರೆ ಕಾಲ ಕೆಳಗಿನ ನೆಲ ಹೋಟೆಲಿನದ್ದಾಗಿರಲಿಲ್ಲ. ಸೊಸೈಟಿಯ ವಶದಲ್ಲಿದ್ದ ಆ ಜಮೀನನ್ನು ತಮಿಳುನಾಡು ಸರಕಾರ ಹಿಂದಕ್ಕೆ ಪಡೆಯಿತು. 2008ರಲ್ಲಿ, 46 ವರ್ಷ ನಡೆದ ಹೋಟೆಲು ಬಾಗಿಲು ಹಾಕಿತು. ಕೊನೆಯ ದಿನಗಳಲ್ಲಿ ಹಳೆಯ ಗಿರಾಕಿಗಳು ಬಂದು ಕಾಫಿ ಕುಡಿದು ಹೋದುದನ್ನು ಪತ್ರಿಕೆಗಳು ಬರೆದವು. ಅದೇ ಜಾಗದಲ್ಲಿ 2010ರ ನವೆಂಬರಿನಲ್ಲಿ 'ಸೆಮ್ಮೊಳಿ ಪೂಂಗಾ' ಎಂಬ ಸಸ್ಯೋದ್ಯಾನ ತೆರೆಯಿತು. ಸಾರ್ವಜನಿಕ ಜಮೀನು ಸಾರ್ವಜನಿಕ ಉದ್ಯಾನವಾದದ್ದನ್ನು ತಪ್ಪು ಎನ್ನಲಾಗದು. ಆದರೂ ಐವತ್ತು ವರ್ಷದ ಸಮೀಪ ನಗರವೊಂದು ಕುಳಿತು ಹರಟಿದ ಮೇಜುಗಳು ಒಂದು ಆದೇಶದಿಂದ ಎದ್ದುಹೋದವು ಎಂಬುದೂ ನಿಜ. ದಾಸಪ್ರಕಾಶದ ಪೂನಮಲ್ಲಿ ಹೈರೋಡಿನ ಕಟ್ಟಡವೂ ಈಗಿಲ್ಲ.

ಇನ್ನೊಂದು ಪತನವನ್ನು ಮಂಗಳೂರಿನ ನಾವು ಕಣ್ಣಾರೆ ಕಂಡೆವು. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರೋಡಿನಲ್ಲಿ 'ಕೆಫೆ ಕಾಫಿ ಡೇ'ಯ ಮೊದಲ ಮಳಿಗೆ ತೆರೆದರು. ಅಲ್ಲಿ ಕಾಫಿಯ ಜೊತೆ ಇಂಟರ್ನೆಟ್ಟೂ ಸಿಗುತ್ತಿತ್ತು. ಚಹಾ ಕುಡಿಯುವ ಉತ್ತರ ಭಾರತದಲ್ಲೂ ಹುಡುಗ ಹುಡುಗಿಯರು ಕಾಫಿಯ ಮುಂದೆ ಗಂಟೆಗಟ್ಟಲೆ ಕೂರುವಂತೆ ಮಾಡಿದ ಸರಪಣಿ ಅದು. ಹೆದ್ದಾರಿಗಳಲ್ಲಿ ಅದರ ಕೆಂಪು ಫಲಕ ಕಂಡರೆ ಕುಟುಂಬದವರು ಕಾರು ನಿಲ್ಲಿಸುತ್ತಿದ್ದರು. ಕಾರಣ ಕಾಫಿಗಿಂತ ಹೆಚ್ಚಾಗಿ ಶುಚಿಯಾದ ಶೌಚಾಲಯ ಎಂದು ಹಲವರು ಒಪ್ಪಿಕೊಳ್ಳುತ್ತಾರೆ. ಕಿತ್ತಳೆ ಛಾವಣಿಯ ಗುಟ್ಟು ಇಲ್ಲಿಯೂ ಕೆಲಸ ಮಾಡಿತ್ತು. 2015ರಲ್ಲಿ ಕಂಪೆನಿ ಷೇರು ಮಾರುಕಟ್ಟೆಗೆ ಬಂದು 1,150 ಕೋಟಿ ರೂಪಾಯಿ ಎತ್ತಿತು. 2019ರ ಹೊತ್ತಿಗೆ ಮಳಿಗೆಗಳು 1,700ಕ್ಕೂ ಹೆಚ್ಚು. ಸಮೂಹದ ಸಾಲ ಸುಮಾರು 7,000 ಕೋಟಿ. ಆ ವರ್ಷ ಮೈಂಡ್‌ಟ್ರೀ ಕಂಪೆನಿಯಲ್ಲಿದ್ದ ತಮ್ಮ ಷೇರುಗಳನ್ನು ಮಾರಿ 3,000 ಕೋಟಿಗೂ ಮಿಕ್ಕಿ ಪಡೆದರೂ ಸಾಲದ ಭಾರ ಇಳಿಯಲಿಲ್ಲ. 2019ರ ಜುಲೈ 29ರ ಸಂಜೆ ಅವರು ಉಳ್ಳಾಲದ ನೇತ್ರಾವತಿ ಸೇತುವೆಯ ಬಳಿ ಕಾರಿನಿಂದಿಳಿದರು. 31ರ ಬೆಳಿಗ್ಗೆ ಹೊಯ್ಗೆ ಬಜಾರಿನ ಸಮೀಪ ಮೀನುಗಾರರಿಗೆ ಮೃತದೇಹ ಸಿಕ್ಕಿತು. ಆ ಎರಡು ದಿನ ಸೇತುವೆಯ ಮೇಲೆ ನಿಂತು ನದಿಯನ್ನೇ ನೋಡುತ್ತಿದ್ದ ಜನರಲ್ಲಿ ಹೆಚ್ಚಿನವರು ಅವರನ್ನು ಎಂದೂ ಕಂಡವರಲ್ಲ.

ಮರುವರ್ಷ ಹೊರಬಂದ ತನಿಖಾ ವರದಿಯ ಪ್ರಕಾರ, ಸಮೂಹದ ಕಂಪೆನಿಗಳಿಗೆ ಸಿದ್ಧಾರ್ಥರ ಖಾಸಗಿ ಸಂಸ್ಥೆಯೊಂದರಿಂದ ಬರಬೇಕಾಗಿದ್ದ ಹಣ 2,693 ಕೋಟಿ ರೂಪಾಯಿ. ಸರಪಣಿ ಹೊರಗಿನಿಂದ ಎಷ್ಟು ಉದ್ದ ಕಂಡರೂ ಒಳಗಿನ ಲೆಕ್ಕ ಬೇರೆಯೇ ಇತ್ತು. ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಈ ಪ್ರಕರಣವನ್ನು ಪಠ್ಯದಂತೆ ಓದಬಹುದು: ಯಾವುದು ಮಾರಾಟ, ಯಾವುದು ಲಾಭ, ಯಾವುದು ಸಾಲ ತಂದು ತೋರಿಸಿದ ಬೆಳವಣಿಗೆ. 2020ರ ಡಿಸೆಂಬರಿನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಕಂಪೆನಿಯ ಹೊಣೆ ಹೊತ್ತರು. ಬೆಂಗಳೂರಿನ ಟೆಕ್ ಪಾರ್ಕು ಅದಕ್ಕೆ ಮೊದಲೇ ಮಾರಾಟವಾಗಿತ್ತು. ನಷ್ಟದ ಮಳಿಗೆಗಳನ್ನು ಮುಚ್ಚಿ, ಕಚೇರಿಗಳಲ್ಲಿಟ್ಟಿದ್ದ ಕಾಫಿ ಯಂತ್ರಗಳ ವ್ಯಾಪಾರವನ್ನು ಉಳಿಸಿಕೊಂಡು ಸಾಲವನ್ನು ಬಹುಪಾಲು ಇಳಿಸಲಾಯಿತು. 2024ರ ವೇಳೆಗೆ ಉಳಿದ ಮಳಿಗೆಗಳು ಐನೂರಕ್ಕಿಂತ ಕಡಿಮೆ.

ಈ ನಡುವೆ ನಮ್ಮ ರಸ್ತೆಗಳ ಹೆಸರೂ ಬದಲಾಯಿತು. ಹದಿನೇಳು ಎಂದು ಕರೆಯುತ್ತಿದ್ದ ಹೆದ್ದಾರಿ 66 ಆಯಿತು, ನಲವತ್ತೆಂಟು 75 ಆಯಿತು. ಚತುಷ್ಪಥವಾಗುತ್ತ ಬಂದಂತೆ ಹಳೆಯ ರಸ್ತೆಯ ಪಕ್ಕದ ಎಷ್ಟೋ ಹೋಟೆಲುಗಳು ಮಣ್ಣಿನ ದಿಬ್ಬದ ಹಿಂದೆ ಮರೆಯಾದವು. ಸರ್ವಿಸ್ ರಸ್ತೆಯಲ್ಲಿ ಹೊಸವು ಎದ್ದವು. ಕಡಂದಲೆಯ ಕೃಷ್ಣ ರಾಯರ 'ನ್ಯೂ ವುಡ್‌ಲ್ಯಾಂಡ್ಸ್' ಚೆನ್ನೈಯಲ್ಲಿ ಉಳಿದುಕೊಂಡಿದೆ. 'ಉಡುಪಿ' ಎಂಬ ಫಲಕವಂತೂ ಉಡುಪಿಯನ್ನು ನೋಡದವರ ಹೋಟೆಲಿನ ಮೇಲೂ ಇದೆ. ಒಳಗೆ ಗಲ್ಲಾದಲ್ಲಿ ಕುಳಿತವರು ರಾಜಸ್ಥಾನದವರಿರಬಹುದು, ದೋಸೆ ಹುಯ್ಯುವವನು ಅಸ್ಸಾಮಿನವನಿರಬಹುದು, ತಿನ್ನುವವರು ಯಾರೆಂದು ಕೇಳುವವರಿಲ್ಲ.